ಸೆಲಿನ್ ಬಾಯಮ್ಮನ ತೇಗದ ಬಾಗಿಲು

ಇದು 2002ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ನಡೆದದ್ದು. ಆಗ ನಾನು ಶಿರ್ವದಲ್ಲಿ ಟೀಚರ್. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಸೆಲಿನ್ ಬಾಯಮ್ಮ ಒಬ್ಬರೇ ಇದ್ದರು. ಮದುವೆಯಾಗದೆ, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದು ಬದುಕಿದವರು. ಅವರಿದ್ದ ಪುಟ್ಟ ಮನೆಯನ್ನು ಕುವೈತಿನ ತಮ್ಮ ಕೆಡವಿ ದೊಡ್ಡದಾಗಿ ಕಟ್ಟಿಸಿದ್ದ. ಕಿಟಕಿಗಳಿಗೆ ದಪ್ಪ ಸರಳು, ಎದುರಿಗೆ ದ್ರಾಕ್ಷಿ ಬಳ್ಳಿ ಕೆತ್ತಿದ ತೇಗದ ಬಾಗಿಲು. ಆ ಬಾಗಿಲು ನೋಡಲೆಂದೇ ಜನ ಬರುತ್ತಿದ್ದರು.

ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗುವಾಗ ಬಾಯಮ್ಮ ನನ್ನನ್ನು ಕೂಗಿ ಮಾತಾಡಿಸುತ್ತಿದ್ದರು. ಅಂದು ಕೂಗಲಿಲ್ಲ. ಹೋಗಿ ನೋಡಿದರೆ ಹಾಲಿನ ಪ್ಯಾಕೆಟ್ ಮೆಟ್ಟಿಲ ಮೇಲೆ ಹಾಗೇ ಇತ್ತು. ಬಾಗಿಲು ತಟ್ಟಿದೆ. ಒಳಗಿನಿಂದ ಕ್ಷೀಣ ಸ್ವರ ಬಂತು.

"ಟೀಚರೇ, ನಿನ್ನೆ ಸಂಜೆ ಬಿದ್ದದ್ದು... ಏಳಲಿಕ್ಕೆ ಆಗುವುದಿಲ್ಲ. ನೀರು..."

ನನ್ನ ಬೊಬ್ಬೆಗೆ ಅಕ್ಕಪಕ್ಕದವರು ಸೇರಿದರು. ಹಿಂಬಾಗಿಲಿಗೆ ಒಳಗಿನಿಂದ ಕಬ್ಬಿಣದ ಪಟ್ಟಿ. ಉಳಿದದ್ದು ಮುಂಬಾಗಿಲೊಂದೇ. "ಒಡೆಯಿರಿ" ಅಂದೆ.

"ಒಡೆಯುವುದಾ? ಬರ್ಮಾ ತೇಗ ಮಾರಾಯ್ರೆ ಅದು!" ಎಂದರು ಎದುರು ಮನೆಯ ಲಾರೆನ್ಸ್. "ತಮ್ಮನ ಹತ್ರ ಒಂದು ಮಾತು ಕೇಳದೆ ಹೇಗೆ? ನಾಳೆ ಅವ ಬಂದರೆ ಎಂತ ಹೇಳುವುದು?"

ಒಬ್ಬರು ಕುವೈತಿಗೆ ಫೋನ್ ಮಾಡಲು ಬೂತಿಗೆ ಓಡಿದರು. ಲೈನ್ ಸಿಗಲಿಲ್ಲ. ಇನ್ನೊಬ್ಬರ ಬುದ್ಧಿ ಅದಕ್ಕಿಂತ ಒಂದು ಕೈ ಮೇಲು.

"ಕೆತ್ತಿದ ಆಚಾರಿ ಕಾರ್ಕಳದಲ್ಲಿ ಇದ್ದಾನಲ್ವಾ? ಅವನನ್ನೇ ಕರೆಸುವ. ಗೀರು ಬೀಳದ ಹಾಗೆ ಬಿಡಿಸಿ ಕೊಡ್ತಾನೆ."

ಅದೇ ಸರಿಯೆಂದು ಎಲ್ಲರೂ ತಲೆಯಾಡಿಸಿದರು. ಇವರಲ್ಲಿ ಅರ್ಧ ಜನರ ಮನೆಯ ಹೆಂಗಸರು ಹಾಕಿದ್ದು ಬಾಯಮ್ಮ ಹೊಲಿದ ರವಿಕೆ! ಅಷ್ಟರಲ್ಲಿ, ಒಳಗೆ ನೀರು ಕೇಳುತ್ತಿದ್ದ ಸ್ವರ ನಿಂತುಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಓಡಿ ಸೌದೆ ಒಡೆಯುವ ಕೊಡಲಿ ತಂದೆ. "ಬಾಗಿಲು ಹೋದರೆ ಆಚಾರಿ ಇನ್ನೊಂದು ಮಾಡಿಕೊಡುತ್ತಾನೆ. ಬಾಯಮ್ಮ ಹೋದರೆ ಯಾರನ್ನು ಕರೆಸುತ್ತೀರಿ?" ಎಂದು ಕಿರುಚಿ, ಆ ದ್ರಾಕ್ಷಿ ಗೊಂಚಲಿನ ಮೇಲೆಯೇ ಹೊಡೆದೆ. ಕೈ ಜೋಮು ಹಿಡಿಯಿತು, ಬಾಗಿಲು ಅಲ್ಲಾಡಲಿಲ್ಲ. ಲಾರೆನ್ಸ್ ಕೊಡಲಿ ಕಸಿದುಕೊಂಡರು. ತಡೆಯುತ್ತಾರೆ ಅಂದುಕೊಂಡೆ. ಇಲ್ಲ, ತಾವೇ ಒಡೆಯತೊಡಗಿದರು.

ಒಳಗೆ ಹೋದರೆ, ಬಾಯಮ್ಮ ಬಚ್ಚಲಿನ ಹೊಸ್ತಿಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಲಾರೆನ್ಸರ ಕಾರಿನಲ್ಲೇ ಮಣಿಪಾಲಕ್ಕೆ ಕರೆದೊಯ್ದೆವು. ಸೊಂಟದ ಮೂಳೆ ಮುರಿದಿತ್ತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಸುದ್ದಿ ತಿಳಿದು ತಮ್ಮ ಬಂದ. ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋಗುವ ಮೊದಲು ಬಾಗಿಲಿನ ಮುಂದೆ ನಿಂತು, ಸೀಳಿದ ಜಾಗವನ್ನು ಸವರಿ ಕೇಳಿದ: "ಯಾರು ಒಡೆದದ್ದು?"

"ನಾನು" ಎಂದೆ. ಹೆಚ್ಚು ಮಾತಾಡಿದ್ದರೆ ಒಳ್ಳೆಯ ಮಾತು ಬರುತ್ತಿರಲಿಲ್ಲ.

ಅಂದು ಬಾಗಿಲ ಮುಂದೆ ಸೇರಿದವರು ಯಾರೂ ಕೆಟ್ಟವರಲ್ಲ. ಆದರೂ ಆ ಬೆಳಿಗ್ಗೆ ನೆನಪಾದರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ. ಮನೆಗೆ ಮರಳಿದ ಬಾಯಮ್ಮ, ಕುವೈತಿನ ತಮ್ಮ ಕರೆಸಿದ್ದ ಕಾರ್ಕಳದ ಆಚಾರಿಯಿಂದ ಚಿಲಕವನ್ನಷ್ಟೇ ಸರಿ ಮಾಡಿಸಿದರು. ಸೀಳನ್ನು ಮುಟ್ಟಲು ಬಿಡಲಿಲ್ಲ.

"ಅದು ಹಾಗೇ ಇರಲಿ" ಎಂದರು. "ಬಾಗಿಲು ನೋಡಲಿಕ್ಕೆ ಬಂದವರು ಎಂತ ಆಯಿತು ಅಂತ ಕೇಳಲಿ. ನಾನು ಬದುಕಿದ್ದೇನೆ, ಹೇಳ್ತೇನೆ."