ಗುಡ್ಡೆ ಹಾಕಿದವರು ಕೊನೆಗೆ

ನಮ್ಮ ಕ್ಯಾಂಪಿನಲ್ಲಿ ಎರಡೇ ಕಾನೂನು. ಸ್ಟಾಕಿನ ಮಾತೆತ್ತಿದವನು ಪಾತ್ರೆ ತೊಳೆಯಬೇಕು. ಮಾಂಸವನ್ನು ಪಾಲು ಮಾಡಿ ಗುಡ್ಡೆ ಹಾಕಿದವನು ತನ್ನ ಗುಡ್ಡೆಯನ್ನು ಎಲ್ಲರಿಗಿಂತ ಕೊನೆಗೆ ಎತ್ತಿಕೊಳ್ಳಬೇಕು. ಮೊದಲನೆಯದು ಡಾಟ್‌ಕಾಮ್ ವರ್ಷಗಳ ಷೇರು ಹುಚ್ಚಿಗೆ ನಾವೇ ಮಾಡಿಕೊಂಡ ಮದ್ದು. ಎರಡನೆಯದನ್ನು ನಮ್ಮ ಯಜಮಾನರು ಹಾಸನದ ಕಡೆಯ ತಮ್ಮ ಊರಿನಿಂದ ತಂದಿದ್ದರು. ಕೊನೆಗೆ ಉಳಿಯುವುದು ತನಗೇ ಎಂದು ಗೊತ್ತಿದ್ದರೆ ಯಾರೂ ಮೋಸದ ಗುಡ್ಡೆ ಹಾಕುವುದಿಲ್ಲ ಎನ್ನುತ್ತಿದ್ದರು.

ಪ್ರತಿ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಹೊರಟು ಉತ್ತರದ ಪೈನ್ ಕಾಡಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದವರು ನಾಲ್ಕು ಜನ: ಇವರು, ಇವರ ಆಫೀಸಿನ ಇಬ್ಬರು ಗೆಳೆಯರು, ನಾನು. ಗೆಳೆಯರಲ್ಲಿ ಒಬ್ಬ ಮಂಡ್ಯದವನು, ಬಾಯಿ ಜೋರು. ಇನ್ನೊಬ್ಬರು ಮಂಗಳೂರಿನವರು, ಮಾತು ಕಡಿಮೆ, ಕೈರುಚಿ ಜಾಸ್ತಿ. ನಾನೂ ಬರುತ್ತೇನೆಂದು ಮೊದಲ ಸಲ ಹೇಳಿದಾಗ ಮಂಡ್ಯದವನು, "ಗಂಡಸ್ರು ಹೋಗೋ ಜಾಗ ಕಣಕ್ಕ, ಅಲ್ಲಿ ಬಾತ್ರೂಮೂ ಇಲ್ಲ" ಎಂದು ರಾಗ ಎಳೆದ.

"ನಮ್ಮಜ್ಜಿ ಮನೇಲೂ ಇರ್ಲಿಲ್ಲ ಕಣಪ್ಪ" ಎಂದೆ.

ಅಲ್ಲಿ ಅಡುಗೆ ನನ್ನದಲ್ಲ. ಮಂಗಳೂರಿನವರು ಸೌಟು ಬಿಟ್ಟುಕೊಡುತ್ತಿರಲಿಲ್ಲ. ನನ್ನ ಕೆಲಸ ನೋಡುವುದು. ಬೆಳಗಿನ ಚಳಿಯಲ್ಲಿ ಬೈನಾಕ್ಯುಲರ್ ಹಿಡಿದು ಬಂಡೆಯ ಮೇಲೆ ಕೂತರೆ, ಪೊದೆಯ ನಡುವೆ ಅಲುಗುವ ಕಿವಿ ಮೊದಲು ಕಾಣುತ್ತಿದ್ದದ್ದು ನನಗೇ. ಕೋಡು ಕವಲೊಡೆದ ಗಂಡು ಜಿಂಕೆಯನ್ನು ಮಾತ್ರ ಹೊಡೆಯಬಹುದೆಂದು ಸರಕಾರದ ನಿಯಮ. ಕವಲು ಸರಿಯಾಗಿ ಕಂಡ ಮೇಲೆ ಇವರ ಭುಜ ಮುಟ್ಟುತ್ತಿದ್ದೆ. ನಾನು ಮುಟ್ಟದೆ ಇವರು ಗುಂಡು ಹಾರಿಸಿದವರಲ್ಲ.

ಸಂಜೆ ಬೆಂಕಿಯ ಪಕ್ಕ ಪ್ಲಾಸ್ಟಿಕ್ ಹಾಸಿ ಇವರು ಗುಡ್ಡೆ ಹಾಕುತ್ತಿದ್ದರು. ಹೊಡೆದವನಿಗೂ, ಕಾಲು ಉಳುಕಿ ಟೆಂಟಿನಲ್ಲಿ ಮಲಗಿದವನಿಗೂ ಒಂದೇ ಅಳತೆ. ಕಾಡಿಗೆ ಬಂದವರಿಗೆಲ್ಲ ಪಾಲು, ಬಾರದವರಿಗೆ ಇಲ್ಲ. ನನ್ನ ಗುಡ್ಡೆಯನ್ನು ನಾನೇ ಎತ್ತಿಕೊಳ್ಳುತ್ತಿದ್ದೆ. ಮನೆಯಲ್ಲಿ ಎರಡೂ ಒಂದೇ ಫ್ರೀಜರಿಗೆ ಹೋಗುವುದಾದರೂ ನನ್ನದು ಬೇರೆ, ಇವರದು ಬೇರೆ ಕಟ್ಟಿ ತರುತ್ತಿದ್ದೆವು. ಮಂಗಳೂರಿನವರು ಲಿವರಿಗೆ ಕಾಳುಮೆಣಸು ಹಾಕಿ ಹುರಿಯುವ ಹೊತ್ತಿಗೆ ಮಂಡ್ಯದವನು ತಡೆಯಲಾರದೆ ತನ್ನ ಷೇರುಗಳ ಬೆಲೆ ಹೇಳಲು ಶುರುಮಾಡುತ್ತಿದ್ದ. ಅಷ್ಟೂ ವರ್ಷ ಪಾತ್ರೆ ತೊಳೆದವನು ಅವನೇ. ಫ್ರೀಮಾಂಟಿನಲ್ಲಿದ್ದಾಗ ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ನಮ್ಮ ಯಜಮಾನರು ಅಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ನನಗೆ ಕಾಡು ಬೇಕಾಗಿದ್ದದ್ದು ಆ ನಗುವಿಗೆ.

ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ವರ್ಷ, ಬೇಸಿಗೆಗೆ ಮೊದಲು, ಇವರು ಆಫೀಸಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಗೆಳೆಯರಿಬ್ಬರೂ ನನ್ನ ಕೈಬಿಡಲಿಲ್ಲ. ಒಬ್ಬರು ಗ್ರೋಸರಿ ತಂದುಕೊಟ್ಟರು, ಇನ್ನೊಬ್ಬ ಬ್ಯಾಂಕಿಗೆ ಓಡಾಡಿದ. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೇ ಅಕ್ಟೋಬರು ಹತ್ತಿರ ಬಂದಾಗ ನಾನು ಬೈನಾಕ್ಯುಲರಿನ ಗಾಜು ಒರೆಸಿಟ್ಟು, ಸ್ಲೀಪಿಂಗ್ ಬ್ಯಾಗನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದೆ. ಅವರ ಫೋನು ಬರಲಿಲ್ಲ. ಕಾಲೇಜಿನಿಂದ ಮಾತಾಡಿದ ಮಗಳು, "ಜಸ್ಟ್ ಕಾಲ್ ದೆಮ್, ಅಮ್ಮಾ" ಎಂದಳು. ನನ್ನ ಜಾಗಕ್ಕೆ ನಾನೇ ಅರ್ಜಿ ಹಾಕಿಕೊಳ್ಳಬೇಕೇ? ಅವರು ಹೊರಟುಹೋದರೆಂದು ಗೊತ್ತಾದ ದಿನ ಬ್ಯಾಗನ್ನು ಮಡಿಸಿ ಒಳಗಿಟ್ಟೆ. ಅಲ್ಲಿಯವರೆಗೆ ಗಂಡನಿಗಾಗಿ ಅತ್ತಿದ್ದೆ. ಅಂದು ನನಗಾಗಿ ಅತ್ತೆ.

ಭಾನುವಾರ ಸಂಜೆ ಇಬ್ಬರೂ ಬಾಗಿಲಿಗೆ ಬಂದರು. ಬಟ್ಟೆಯ ತುಂಬ ಕಾಡಿನ ಧೂಳು, ಕೈಯಲ್ಲಿ ಐಸ್ ಬಾಕ್ಸು. ಮಂಡ್ಯದವನು ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ಎರಡೂ ಕೈಯಲ್ಲಿ ನೀಡಿದ.

"ಅಣ್ಣನ ಪಾಲು ಅಕ್ಕ. ಮೊದ್ಲು ಅವರ್ದೇ ಎತ್ತಿಟ್ವಿ."

"ನಂದೆಲ್ಲಿ?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಲ್ಲಿಗೆ ಬಂದ್ರೆ ನಿಮಗೆ ಬೇಜಾರಾಗ್ತದೆ ಅಂತ ಕರೀಲಿಲ್ಲ ಅಕ್ಕ" ಎಂದು ಮಂಗಳೂರಿನವರು ತಲೆ ತಗ್ಗಿಸಿದರು.

"ಕಾಡಿಗೆ ಬರದೆ ಇದ್ದೋರಿಗೆ ಪಾಲಿಲ್ಲ ಅಲ್ವಾ? ಅವರು ಬಂದಿದ್ರಾ? ಸತ್ತೋರನ್ನ ಜೊತೇಲಿ ಕರ್ಕೊಂಡು ಹೋಗಿದ್ದೀರಿ. ಬದುಕಿರೋಳನ್ನ ಮನೇಲಿ ಬಿಟ್ಟು ಹೋಗಿದ್ದೀರಿ."

ಮಂಡ್ಯದವನು ಪೊಟ್ಟಣವನ್ನು ಐಸ್ ಬಾಕ್ಸಿನ ಮೇಲಿಟ್ಟ. ಕೆಲಸ ಕಳೆದುಕೊಂಡು ಅವನು ಆಗಲೇ ಊರಿಗೆ ಟಿಕೆಟ್ ತೆಗೆದಿದ್ದ. ಮುಂದಿನ ವರ್ಷ ಕರೆದುಕೊಂಡು ಹೋಗುತ್ತೇವೆಂದು ಬಾಯಿಮಾತಿಗೂ ಹೇಳುವಂತಿರಲಿಲ್ಲ. ನಮ್ಮ ಕ್ಯಾಂಪು ನಾನಿಲ್ಲದೆ ಮುಗಿದುಹೋಗಿತ್ತು.

"ನಿಮ್ಮ ಪಾಲೂ ಒಳಗೆ ತನ್ನಿ" ಎಂದೆ.

ಅಡುಗೆಮನೆಯ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಪೊಟ್ಟಣಗಳನ್ನೆಲ್ಲ ಬಿಚ್ಚಿ ಒಟ್ಟಿಗೆ ಸುರಿದೆ. ಇವರು ಮಾಡುತ್ತಿದ್ದ ಹಾಗೆಯೇ ಮೂಳೆಗೆ ಮೂಳೆ, ಮೆತ್ತನೆಯ ತುಂಡಿಗೆ ಮೆತ್ತನೆಯ ತುಂಡು ಹೊಂದಿಸಿ ನಾಲ್ಕು ಗುಡ್ಡೆ ಹಾಕಿದೆ. ಅಳತೆ ತಪ್ಪಲಿಲ್ಲ. ಇಬ್ಬರೂ ಗೋಡೆಗೆ ಒರಗಿ ನೋಡುತ್ತಿದ್ದರು.

"ಎತ್ಕೊಳ್ಳಿ."

ಮಂಗಳೂರಿನವರು ಒಂದನ್ನು ಎತ್ತಿಕೊಂಡರು. ಮಂಡ್ಯದವನು ತೋಳಿನಲ್ಲಿ ಕಣ್ಣೊರೆಸಿಕೊಂಡು ಇನ್ನೊಂದನ್ನು ಎತ್ತಿಕೊಂಡ. ಎರಡು ಗುಡ್ಡೆ ಉಳಿದವು. ನಾನು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡೆ. ಗುಡ್ಡೆ ಹಾಕಿದವಳು ನಾನು. ನಮ್ಮ ಯಜಮಾನರು ತಮ್ಮದನ್ನು ಎತ್ತಿಕೊಳ್ಳುವ ತನಕ ನಾನು ನನ್ನದನ್ನು ಮುಟ್ಟುವ ಹಾಗಿರಲಿಲ್ಲ.