ಕೂರಲಾಗದ ಗೌನು

ಬುಧವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಮೌಶಿಯ ಅಂಗಡಿಯ ಗೋಡೆ ಗಡಿಯಾರವನ್ನು ನಾನು ಕನ್ನಡಿಯಲ್ಲಿ ನೋಡಿದ್ದೆ, ಅಂಕಿಗಳು ತಿರುಗುಮುರುಗಾಗಿದ್ದವು. ಆಗಲೇ ಕರ್ಪೂರದ ವಾಸನೆ ಬಂತು.

ಈ ವರ್ಷದ ಯುಗಾದಿಗೆ ಜರ್ಮನಿಯ ಬಾನ್‌ನಲ್ಲಿ ನಮ್ಮ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಮಂಗಳಾರತಿಗೆ ಯಾರೋ ಕರ್ಪೂರ ಹಚ್ಚಿದರು. ಹೊಗೆಗೆ ಅಲಾರಂ ಹೊಡೆದುಕೊಂಡೀತೆಂದು ತಟ್ಟೆಯನ್ನು ಬಾಲ್ಕನಿಗೆ ಒಯ್ದರು. ಮಂದಿಯೆಲ್ಲ ಆ ಕಡೆ ಹೋದರು. ನಾನು ಕೋಟು ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟೆ. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದೆ. ಮೂರು ಟ್ರಾಮ್ ಹೋದವು. ಆರು ವರ್ಷವಾದರೂ ಆ ವಾಸನೆ ನನ್ನನ್ನು ಅದೇ ಕನ್ನಡಿಯ ಮುಂದೆ ತಂದು ನಿಲ್ಲಿಸುತ್ತದೆ...

ಸಂಶೋಧನೆಗೆಂದು ಬಾನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನಾನಿದ್ದ ಕಟ್ಟಡದ ನೆಲಮಹಡಿಯಲ್ಲಿ ಒಂದು ಹೊಲಿಗೆ ಅಂಗಡಿಯಿತ್ತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಜಿಪ್ ಬದಲಿಸುವುದು, ಇಂಥ ಕೆಲಸ. ಜಾಕೆಟ್ ಕೊಡಲು ಹೋದಾಗ ಅಮ್ಮನ ಫೋನ್ ಬಂತು. ಮಾತು ಮುಗಿಸುವಷ್ಟರಲ್ಲಿ ಹೊಲಿಗೆಯಂತ್ರದ ಸದ್ದು ನಿಂತಿತ್ತು.

“ಯಾವೂರವಾ ನಿಂದು? ಧಾರವಾಡೇನು?” ಎಂದರು ಯಂತ್ರದ ಹಿಂದಿದ್ದ ಬಿಳಿಗೂದಲಿನ ಹೆಂಗಸು. ಹೌದೆಂದೆ. “ಹಂಗಾರ ಜಾಕೀಟು ಅಲ್ಲಿಡು, ಮೊದಲ ಚಾ ಕುಡಿ.”

ಅಂದಿನಿಂದ ಅವರು ನನಗೆ ಮೌಶಿ, ಅಂದರೆ ಚಿಕ್ಕಮ್ಮ. ಹುಬ್ಬಳ್ಳಿಯವರು, ಕಾರು ಕಾರ್ಖಾನೆಯ ಎಂಜಿನಿಯರಾಗಿದ್ದ ಗಂಡನ ಜೊತೆ ಚಿಕ್ಕ ವಯಸ್ಸಿನಲ್ಲೇ ಜರ್ಮನಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ದೂರದ ನೊಯ್‌ಬಿಬರ್ಗ್‌ನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದಳು. ಅವಳು ಫೋನಿನಲ್ಲಿ ತಾಯಿಯ ಕನ್ನಡಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಹಳೆಯ ಹಾಲಿವುಡ್ ಚಿತ್ರ ನೋಡುತ್ತಿದ್ದೆವು. ಎಲ್ಲ ಕಪ್ಪು ಬಿಳುಪು. ಹುಬ್ಬಳ್ಳಿಯಲ್ಲಿ ಭಾನುವಾರದ ಮಾರ್ನಿಂಗ್ ಶೋಗೆ ಅಪ್ಪನ ಜೊತೆ ಹೋಗುತ್ತಿದ್ದರಂತೆ. “ಇಂಗ್ಲಿಷ್ ಒಂದಕ್ಷರ ತಿಳೀತಿದ್ದಿಲ್ಲ. ಹಂಗಾಗಿ ಅರಿವಿ ನೋಡ್ತಿದ್ದೆ,” ಎನ್ನುತ್ತಿದ್ದರು. ಈಗಲೂ ಹಾಗೆಯೇ. ನಾಯಕಿ ಅಳತೊಡಗಿದರೆ, “ಮಾತು ಬಂದ್ ಮಾಡು ತಂಗಿ, ತೋಳಿನ ಹೊಲಿಗಿ ನೋಡಗೊಡವಲ್ಲಳು,” ಎಂದು ರೇಗುತ್ತಿದ್ದರು.

ನಮ್ಮ ಅಮ್ಮಂದಿರ ರವಿಕೆಗೆ ಹಾಕುವ ಕ್ರಾಸ್ ಕಟ್ಟನ್ನೇ ಆ ಚಿತ್ರಗಳಲ್ಲಿ ಇಡೀ ಗೌನಿಗೆ ಹಾಕುತ್ತಿದ್ದರೆಂದು ತೋರಿಸಿದವರು ಅವರು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಸ್ಯಾಟಿನ್ ನೀರಿನ ಹಾಗೆ ಮೈಮೇಲಿಂದ ಇಳಿಯುತ್ತದೆ. “ಬೆಳ್ಳಗ ಕಾಣೋದೆಲ್ಲ ಬಿಳೀದಲ್ಲ. ಖರೇ ಬಿಳಿ ಹಾಕಿದ್ರ ಕ್ಯಾಮೆರಾಕ್ಕ ಕಣ್ಣು ಕುಕ್ಕತಿತ್ತು. ಅದಕ್ಕ ತಿಳಿ ಗುಲಾಬಿ ಹಾಕ್ತಿದ್ರು.” ಕೆಲವು ಗೌನು ಎಷ್ಟು ಬಿಗಿಯೆಂದರೆ ನಟಿಯರು ಕೂರುತ್ತಿರಲಿಲ್ಲ, ಮುದುಡಬಾರದೆಂದು ಎರಡು ಶಾಟಿನ ನಡುವೆ ಓರೆ ಹಲಗೆಗೆ ಒರಗಿ ನಿಲ್ಲುತ್ತಿದ್ದರು. ಇದನ್ನು ಕೇಳಿ ನಾನು ನಕ್ಕಿದ್ದೆ.

ಎರಡನೆಯ ಚಳಿಗಾಲದಲ್ಲಿ ಮೌಶಿ ನನಗೆ ಅಂಥದ್ದೊಂದು ಗೌನು ಹೊಲಿದರು. ಕಾರ್ನೆವಾಲ್ ಎಂಬ ವೇಷದ ಹಬ್ಬದಲ್ಲಿ ಹೆಂಗಸರ ದಿನ ನಮ್ಮ ಸಂಸ್ಥೆಯಲ್ಲೂ ವೇಷ ಹಾಕುತ್ತಾರೆ, ಕತ್ತರಿ ಹಿಡಿದು ಗಂಡಸರ ಟೈ ತುಂಡರಿಸುತ್ತಾರೆ. ಬಂದಾಗಿನಿಂದ ಅಲ್ಲಿ ಯಾರೂ ನನ್ನನ್ನು ಊಟಕ್ಕೂ ಕರೆದಿರಲಿಲ್ಲ. “ಈ ಸಲ ಕಣ್ಣು ಬಿಟ್ಟು ನೋಡ್ಲಿ,” ಎಂದರು ಮೌಶಿ. ತಿಳಿ ಗುಲಾಬಿ ಸ್ಯಾಟಿನ್, ಭುಜದ ಮೇಲೆ ಪದರ ಪದರವಾಗಿ ನೆಟ್ ಬಟ್ಟೆ, ಅದರ ತುಂಬ ಚಮ್ಕಿ. ಚಮ್ಕಿಯ ಪೊಟ್ಟಣ ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕದ್ದು. “ಇವು ಹಳೇ ಕಾಲದ್ದು. ಇಸ್ತ್ರಿ ಮುಟ್ಟಿಸೀಯಾ ಮತ್ತ,” ಎಂದು ಎಚ್ಚರಿಸಿದ್ದರು.

ಹೆಂಗಸರ ದಿನದ ಹಿಂದಿನ ದಿನ, ಆ ಬುಧವಾರ ಮಧ್ಯಾಹ್ನ, ಎಂದಿನಂತೆ, ಅಂಗಡಿ ಮುಚ್ಚಿತ್ತು. ಗೌನು ತೊಟ್ಟೆ. ಮೌಶಿ ಬೆನ್ನಿನ ಕೊನೆಯ ಕೊಕ್ಕೆಗಳನ್ನು ಹಾಕಿ, ಚಾ ಮಾಡಲು ಒಳಗೆ ಹೋದರು. ಹೊಸ ಬಟ್ಟೆ ತೊಟ್ಟರೆ ದೇವರಿಗೆ, ಹಿರಿಯರಿಗೆ ನಮಸ್ಕರಿಸದೆ ಹೊಸಿಲು ದಾಟುವ ರೂಢಿ ನಮ್ಮ ಮನೆಯಲ್ಲಿಲ್ಲ. ಕನ್ನಡಿಯ ಪಕ್ಕದ ಗೂಡಿನಲ್ಲಿ ಎಲ್ಲಮ್ಮನ ಪಟವಿತ್ತು. ಅದರ ಮುಂದೆ ದೀಪವಲ್ಲ, ದೀಪದಾಕಾರದ ಕೆಂಪು ಬಲ್ಬು. ಅರಿವೆಯಿರುವಲ್ಲಿ ಬೆಂಕಿ ಕೂಡದೆಂಬುದು ಮೌಶಿಯ ನಿಯಮ. ಅದು ನನಗೆ ಗೊತ್ತಿತ್ತು. ಆದರೆ ಹೊಸ ಗೌನಿಗೆ ಬಲ್ಬಿನ ಮುಂದೆ ಕೈಮುಗಿಯುವುದು ಸರಿಯೆನಿಸಲಿಲ್ಲ. ಚೀಲದಲ್ಲಿ ಮನೆಗೆಂದು ಕೊಂಡ ಪುಟ್ಟ ಮೇಣದ ದೀಪಗಳಿದ್ದವು. ಒಂದನ್ನು ಹಚ್ಚಿಟ್ಟೆ. ಬಗ್ಗಿ ನಮಸ್ಕರಿಸಿದೆ.

ಕರ್ಪೂರದ ವಾಸನೆ. ಒಂದು ಕ್ಷಣ ನನಗೆ ಹಿತವಾಯಿತು. “ಮೌಶೀ, ಕರ್ಪೂರ ಹಚ್ಚೀರೇನ್ರಿ?” ಎಂದು ಕೂಗಿ ಕೇಳಿದೆ.

ಹಳೆಯ ಚಮ್ಕಿಯನ್ನು ಬೇಗ ಹೊತ್ತಿಕೊಳ್ಳುವ ಸೆಲ್ಯುಲಾಯ್ಡ್‌ನಿಂದ ಮಾಡುತ್ತಿದ್ದರೆಂದೂ ಅದರಲ್ಲಿ ಕರ್ಪೂರವೇ ಇರುತ್ತದೆಂದೂ ನಾನು ಓದಿ ತಿಳಿದದ್ದು ಆಮೇಲೆ. ಎಡ ಭುಜದ ಮೇಲೆ ಬೆಂಕಿ ಎದ್ದದ್ದನ್ನು ಕನ್ನಡಿಯಲ್ಲಿ ನೋಡಿದೆ. ಓಡಲು ಹೋದೆ, ಗೌನು ಮೊಣಕಾಲಿಗೆ ಬಿಗಿದಿತ್ತು. ನೆಲಕ್ಕೆ ಕೂರಲೂ ಆಗಲಿಲ್ಲ. ಯಾವ ಹಲಗೆಯ ಕತೆಗೆ ನಕ್ಕಿದ್ದೆನೋ ಅದರ ನಟಿಯರಂತೆಯೇ ನಿಂತಿದ್ದೆ.

“ಅಲ್ಲಾಡಬ್ಯಾಡ!” ಎಂದಷ್ಟೇ ಮೌಶಿ ಅಂದರು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕುತ್ತಿಗೆಯಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಓಡಿಸಿದರು. ಉರಿಯುತ್ತಿದ್ದ ನೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತು ಎಸೆದರು. ಮೂರು ತಿಂಗಳ ಹೊಲಿಗೆ ನನ್ನ ಪಾದದ ಬಳಿ ಬಿತ್ತು. ನನ್ನ ಭುಜದ ಮೇಲೆ ಉಳಿದದ್ದು ರೂಪಾಯಿಯಗಲದ ಒಂದು ಕಲೆ.

ಅಗ್ನಿಶಾಮಕದವರು ಬಂದಾಗ, ಎಸೆದ ನೆಟ್ ಬಟ್ಟೆಯಿಂದ ಹೊತ್ತಿದ್ದ ಕಿಟಕಿಯ ಪರದೆ ಉರಿದು ಆರಿತ್ತು. ಮೌಶಿಯ ಕೈಗಳಿಗೆ ತಂಪು ನೀರು ಸುರಿಯುತ್ತ, ದೀಪ ಹಚ್ಚಿದವರು ಯಾರೆಂದು ಅವರಲ್ಲೊಬ್ಬ ಕೇಳಿದ. ನಾನು ಬಾಯಿ ತೆರೆದೆ. “ನಾನೇ,” ಎಂದರು ಮೌಶಿ, ಜರ್ಮನ್‌ನಲ್ಲಿ. ಆಮೇಲೆ ನನ್ನತ್ತ ತಿರುಗಿ, “ನಿನ್ನ ವೀಸಾದ ಕಾಗದ ಇನ್ನೂ ಆಫೀಸಿನ್ಯಾಗ ಅದ. ಸುಮ್ನಿರು,” ಎಂದರು.

ನಾನು ಸುಮ್ಮನಿದ್ದೆ.

ಮಗಳು ಬಂದಳು. ಆಸ್ಪತ್ರೆಯ ಹೊರಗೆ ಕಾಫಿ ಲೋಟ ಹಿಡಿದು ನನಗೆ ಜರ್ಮನ್‌ನಲ್ಲಿ ಹೇಳಿದಳು: “ಮೂವತ್ತು ವರ್ಷ ಅಂಗಡಿಯಲ್ಲಿ ಒಂದು ಕಡ್ಡಿ ಗೀರಿದವಳಲ್ಲ ಅಮ್ಮ. ಈಗ ದೀಪ ಹಚ್ಚಿದ್ದಾಳೆ ಅಂದರೆ, ಅವಳಿಗೆ ಮರೆವು ಶುರುವಾಗಿದೆ. ಒಬ್ಬಳನ್ನೇ ಬಿಡುವ ಹಾಗಿಲ್ಲ.” ಆಗ ಹೇಳಬೇಕಿತ್ತು... ಅವಳ ಲೋಟದ ಮುಚ್ಚಳವನ್ನೇ ನೋಡುತ್ತ ನಿಂತಿದ್ದೆ.

ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಆದರೂ ಎಡಗೈಯಲ್ಲಿ ಹೊಲಿಯುತ್ತೇನೆಂದು ಮೌಶಿ ವಾದಿಸಿದರು. ಮಗಳು ಒಪ್ಪಲಿಲ್ಲ, ತನ್ನ ಮನೆಗೆ ಕರೆದೊಯ್ಯುತ್ತೇನೆಂದಳು. ಹೊಲಿಗೆಯಂತ್ರಗಳನ್ನು ಡಬ್ಬಿಗೆ ತುಂಬಲು ನಾನೇ ನೆರವಾದೆ. ವೀಸಾ ಅಷ್ಟರಲ್ಲಿ ಬಂದಿತ್ತು; ಸುಮ್ಮನಿರಲು ನೆಪವೂ ಉಳಿದಿರಲಿಲ್ಲ. ಹೊರಡುವ ದಿನ ಮೌಶಿ ಕಾರಿನ ಕಿಟಕಿ ಇಳಿಸಿ, “ಕತ್ತರಿ ಎಷ್ಟು ಛಂದ ಹೋತು ನೋಡಿದ್ಯಾ? ಎಲ್ಲೂ ಸಿಕ್ಕೊಳ್ಳಲಿಲ್ಲ. ಕ್ರಾಸ್ ಕಟ್ ಅಂದ್ರ ಅದು!” ಎಂದು ನಕ್ಕರು. ಮಗಳು ಕಿಟಕಿ ಏರಿಸಿದಳು.

ಮೌಶಿಗೆ ಎರಡು ಸಲ ಫೋನ್ ಮಾಡಿದೆ. ನಿಜ ಹೇಳಿಬಿಡುತ್ತೇನೆಂದರೆ, “ಈಗ್ಯಾಕ ಬಿಡು,” ಎನ್ನುತ್ತಿದ್ದರು. ಆ ಮಾತನ್ನು ನಾನು ಹಿಡಿದುಕೊಂಡೆ. ಮಗಳ ಮನೆಗೆ ಹೋದ ಮೇಲಿನ ಮೂರನೆಯ ಚಳಿಗಾಲದಲ್ಲಿ ಮೌಶಿ ತೀರಿಕೊಂಡರು. ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ.

ಅಂಗಡಿಯಿದ್ದಲ್ಲಿ ಈಗ ಕನ್ನಡಕ ಮಾರುತ್ತಾರೆ. ಈ ಆರು ವರ್ಷ ರಾತ್ರಿಯ ಕನಸಿನಲ್ಲಿ ನಾನು ಬಗ್ಗುತ್ತಿದ್ದೆ, ವಾಸನೆ ಬರುತ್ತಿತ್ತು, ಹಾಸಿಗೆಯಲ್ಲಿ ಭುಜ ಬಡಿದುಕೊಳ್ಳುತ್ತ ಏಳುತ್ತಿದ್ದೆ.

ಯುಗಾದಿಯ ಮರುದಿನ ಶನಿವಾರ. ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. ಗೂಡು, ಬಲ್ಬು, ಮೇಣದ ದೀಪ, ಎಲ್ಲ ಹೇಳಿದೆ.

“ಹಾಗಾದರೆ ಅವಳು ಏನನ್ನೂ ಮರೆತಿರಲಿಲ್ಲ,” ಎಂದಳು. ಆಮೇಲೆ, “ಅವಳು ಹಚ್ಚಬಾರದೆಂದು ನಾನು ಒಲೆಯ ನಾಬ್‌ಗಳನ್ನು ತೆಗೆದಿಟ್ಟಿದ್ದೆ. ಮೂರು ವರ್ಷ ಅವಳು ತನ್ನ ಕೈಯಾರೆ ಚಾ ಮಾಡಿಕೊಂಡಿಲ್ಲ.” ಫೋನ್ ಇಟ್ಟಳು. ಮತ್ತೆ ಮಾಡಿಲ್ಲ; ಮಾಡಬೇಕೆಂದು ನಾನು ಕೇಳುವಂತೆಯೂ ಇಲ್ಲ.

ಭಾನುವಾರ ಕಣ್ಣು ಬಿಟ್ಟಾಗ ಎಂಟೂವರೆ ದಾಟಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಪರದೆಯ ಅಂಚಿನಲ್ಲಿ ಬಿಸಿಲಿತ್ತು, ಮೈ ಹಗುರಾಗಿತ್ತು. ಎದ್ದು ಚಾಕ್ಕೆ ನೀರಿಟ್ಟೆ. ಒಲೆಯ ನಾಬ್‌ನ ಮೇಲಿಂದ ಕೈ ತೆಗೆಯಲಾಗಲಿಲ್ಲ. ನೊಯ್‌ಬಿಬರ್ಗ್‌ನಲ್ಲಿ ಇಷ್ಟು ಹೊತ್ತಿಗೆ ಒಬ್ಬಳು ನಿದ್ದೆಯಿಲ್ಲದೆ ಎದ್ದು ಕುಳಿತಿರಬಹುದು...