ಅತ್ತಿಗೆಗೆ ಕೊಟ್ಟ ಮೊದಲ ಮಚ್ಚು

ಗಂಗಮ್ಮನ ಕಣ್ಣು ಹೋದದ್ದು ನಿಮ್ಮ ಏಟಿನಿಂದಲ್ಲ, ಅತ್ತಿಗೆ. ನಾನು ಮಾಡಿಕೊಟ್ಟ ಮಚ್ಚಿನಿಂದ. ಅದರಲ್ಲಿ ಬಿರುಕಿತ್ತು. ಬಿರುಕಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಕೈಗೆ ಕೊಟ್ಟೆ — ಕೊಟ್ಟು, ನಗುತ್ತಾ ನಿಂತಿದ್ದೆ.

ಇಷ್ಟು ಬರೆಯುವುದಕ್ಕೆ ನನ್ನ ತಲೆ ಪೂರ್ತಿ ನೆರೆಯಬೇಕಾಯಿತು. ಎದುರಿಗೆ ಕೂತು ಹೇಳುವ ಧೈರ್ಯವಿಲ್ಲದೆ ಮೊದಲು ಬರೆದು ನೋಡುತ್ತಿದ್ದೇನೆ. ಬರೆಯುವಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರುತ್ತಿಲ್ಲ. ಆವತ್ತೂ ಬಂದಿರಲಿಲ್ಲ. ಎದೆಯಲ್ಲಿ ಜೋಮು ಹಿಡಿದ ಹಾಗಿದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆ. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ನೊಣವಿನಕೆರೆ ಹತ್ತಿರದ ನಮ್ಮೂರಿಗೆ ವಾಪಸು ಬಂದಿದ್ದೆ. ಅಣ್ಣನ ಜೊತೆ ತೋಟಕ್ಕೆ ಹೋಗು ಎಂದರೆ ಮೈಭಾರ. ಮುರಿದ ಕಬ್ಬಿಣದ ತುಂಡು ಕಂಡರೆ ಮಾತ್ರ ಎಲ್ಲಿಲ್ಲದ ಹುರುಪು. ತಿಪಟೂರಿನ ಗುಜರಿ ಅಂಗಡಿಯಿಂದ ಲಾರಿಯ ಬ್ರೇಕ್ ಡ್ರಮ್ ತಂದು, ಒಳಗೆ ಜೇಡಿಮಣ್ಣು ಮೆತ್ತಿ, ಹಿತ್ತಲ ಸೋಗೆ ಚಪ್ಪರದ ಕೆಳಗೆ ಕುಲುಮೆ ಹೂಡಿದೆ. ಗಾಳಿ ಊದುವುದಕ್ಕೆ ಹಳೇ ಸೈಕಲ್ ಚಕ್ರ ತಿರುಗಿಸಿದರೆ ಓಡುವ ತಗಡಿನ ರೆಕ್ಕೆ. ಕಬ್ಬಿಣ ಇಟ್ಟು ತಟ್ಟುವ ಅಡಿಗಲ್ಲಾಗಿ ರೈಲು ಕಂಬಿಯ ಒಂದು ತುಂಡು. ಇನ್ನು ಇದ್ದಿಲಿಗೇನು ಬರ? ಕೊಬ್ಬರಿ ಒಡೆದ ಮನೆಗಳಲ್ಲೆಲ್ಲ ಕರಟ ಗುಡ್ಡೆ ಬಿದ್ದಿರುತ್ತದೆ. ಅದನ್ನೇ ಗುಂಡಿಯಲ್ಲಿ ಸುಟ್ಟು ಮುಚ್ಚಿದರೆ ಸಾಕಾಗಿತ್ತು.

ಮಸೆಯುವ ಯಂತ್ರದ ಮೇಲೆ ನನಗೆ ಇನ್ನೂ ಹೆಮ್ಮೆ ಇದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಸುಟ್ಟುಹೋಗಿದ್ದ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿಸಿ, ಮರದ ಎರಡು ಗಾಲಿ ಕಡೆಸಿ, ಅವುಗಳ ಮೇಲೆ ಓಡುವಂತೆ ಎಮರಿ ಬಟ್ಟೆಯ ಪಟ್ಟಿ ಅಂಟಿಸಿದ್ದೆ. ಮೊದಲ ಪಟ್ಟಿಯ ಕೂಡುವ ತುದಿಯನ್ನು ಹಿಂದುಮುಂದಾಗಿ ಅಂಟಿಸಿದ್ದರಿಂದ ಅದು ಕಿತ್ತುಬಂದು ಕೆನ್ನೆಗೆ ಬಾರಿಸಿತು. ಅಣ್ಣ ಜಗಲಿಯಿಂದಲೇ, “ಏನ್ಲಾ, ಮಿಸಿನ್ನೇ ನಿಂಗೆ ಬುದ್ಧಿ ಹೇಳ್ತಾ?” ಎಂದು ನಕ್ಕ. ನೀವು ಮಾತ್ರ ಎಣ್ಣೆ ತಂದು ಸವರಿ, “ನೀನು ಮಾಡೋ ಮೊದಲ್ನೇ ಮಚ್ಚು ನಂಗೇ ಕಣಪ್ಪ, ಇನ್ಯಾರಿಗೂ ಕೊಡ್ಕೂಡ್ದು” ಎಂದಿರಿ. ಆ ಮನೆಯಲ್ಲಿ ನನ್ನನ್ನು ಕೆಲಸಕ್ಕೆ ಬರುವವನು ಎಂದು ನಂಬಿದ್ದು ನೀವೊಬ್ಬರೇ.

ಕೊಬ್ಬರಿ ಒಡೆಯುವುದರಲ್ಲಿ ನಿಮ್ಮ ಕೈ ಹೆಸರುವಾಸಿ. ಅಟ್ಟದ ಮೇಲೆ ಒಣಗಿಸಿ ಸುಲಿದ ಕಾಯಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಸುತ್ತಲೂ ಮಚ್ಚಿನ ಏಟು ಹಾಕಬೇಕು. ಕರಟ ಮಾತ್ರ ಬಿಚ್ಚಿಕೊಂಡು ಒಳಗಿನ ಉಂಡೆ ಗಾಯವಿಲ್ಲದೆ ಉರುಳಬೇಕು. ನಿಮಗೆ ಜೊತೆ ಪಕ್ಕದ ಮನೆಯ ಗಂಗಮ್ಮ. ಇಬ್ಬರೂ ಶೆಟ್ಟಿಕೆರೆ ಕಡೆಯಿಂದ ಒಂದೇ ಊರಿಗೆ ಸೊಸೆಯರಾಗಿ ಬಂದವರು. ನಮ್ಮ ಅಟ್ಟದ ಕಾಯಿ ಇಳಿಸಿದಾಗ ಅವಳು ಇಲ್ಲಿ, ಅವರದು ಇಳಿಸಿದಾಗ ನೀವು ಅಲ್ಲಿ. ಬೇರೆ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತರೆ ನೀವಿಬ್ಬರು ಮಾತಿಗೆ ಅನುಕೂಲವೆಂದು ಎದುರುಬದುರು, ಮಂಡಿಗೆ ಮಂಡಿ ತಾಗುವಂತೆ. ತವರಿನ ಸುದ್ದಿ ಮುಗಿಯುವ ಹೊತ್ತಿಗೆ ಕಾಯಿಯ ರಾಶಿಯೂ ಮುಗಿದಿರುತ್ತಿತ್ತು.

ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ, ತಟ್ಟಿ ನಿಮ್ಮ ಮಚ್ಚು ಮಾಡಿದೆ. ಅಂಥ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡಬೇಕು, ನೀರಿನಲ್ಲಲ್ಲ; ನೀರಿಗೆ ಬಿರುಕು ಬಿಡುತ್ತದೆ. ಇದು ನನಗೆ ಗೊತ್ತಿತ್ತು. ಹೊಂಗೆ ಎಣ್ಣೆಯ ಡಬ್ಬವೂ ಇತ್ತು. ಆದರೆ ಹಿಂದಿನ ವಾರ ಅದಕ್ಕೆ ಉರಿ ಹತ್ತಿ ಚಪ್ಪರದ ಅಂಚು ಸುಟ್ಟಿತ್ತು. “ಇನ್ನೊಂದ್ಸಲ ಎಣ್ಣೆಗೆ ಬೆಂಕಿ ಹತ್ತುದ್ರೆ ಈ ಡ್ರಮ್ಮು ತಗಂಡೋಗಿ ಕೆರೆಗೆ ಎಸ್ದುಬುಡ್ತೀನಿ” ಎಂದು ಅಣ್ಣ ಗುಡುಗಿದ್ದ. ಮಾರನೆಯ ದಿನವೇ ಅಟ್ಟದ ಕಾಯಿ ಒಡೆಯುವುದಿತ್ತು. ನಮ್ಮ ಹುಡುಗ ಮಾಡಿದ ಮಚ್ಚು ಹಿಡಿದೇ ಕೂರುತ್ತೇನೆ ಎಂದು ನೀವು ಗಂಗಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದಿರಿ. ನಾನು ಹಿಂದೆಮುಂದೆ ನೋಡದೆ ದನದ ಬಾನಿಯ ನೀರಿಗೇ ಅದ್ದಿದೆ.

ಟಿಣ್ ಎಂದಿತು.

ತೆಗೆದು ನೋಡಿದರೆ ಅಲುಗಿನ ಬಾಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಗೆರೆ. ಅದನ್ನು ಅಲ್ಲೇ ಬಿಸಾಡಬೇಕಿತ್ತು. ನಾನು ಮೋಟಾರು ಹಾಕಿದೆ. ಮೊದಲು ಒರಟು ಪಟ್ಟಿ, ಆಮೇಲೆ ನುಣುಪಿನ ಪಟ್ಟಿ. ಉಜ್ಜುತ್ತಾ ಉಜ್ಜುತ್ತಾ ಗೆರೆ ಕಾಣದಾಯಿತು. ಹೋಗಲಿಲ್ಲ, ಕಾಣದಾಯಿತು — ಇವೆರಡಕ್ಕೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿಯೇ ತಿಳಿದಿತ್ತು. ಮುಖ ಕಾಣುವಂತೆ ಹೊಳೆಯುತ್ತಿದ್ದ ಮಚ್ಚಿಗೆ ನೀವು ಅರಿಶಿನ ಕುಂಕುಮ ಇಟ್ಟು ಕಣ್ಣಿಗೊತ್ತಿಕೊಂಡಿರಿ.

ಮಾರನೆಯ ದಿನ ನಾನು ಕಂಬಕ್ಕೊರಗಿ ನಿಂತು ಹೊಗಳಿಕೆ ಕೇಳಿಸಿಕೊಳ್ಳುತ್ತಿದ್ದೆ. ಗಂಗಮ್ಮ ಏನೋ ಹೇಳಿ ನಗಿಸಿದಳು. ನೀವು ನಗುತ್ತಲೇ ಏಟು ಹಾಕಿದಿರಿ. ಮಚ್ಚಿನ ಮುಂದಿನ ತುಂಡು ಹಾರಿಹೋಯಿತು. ಗಂಗಮ್ಮ ಕಿರುಚಲಿಲ್ಲ. ಎಡಗಣ್ಣಿಗೆ ಎರಡೂ ಕೈ ಒತ್ತಿಕೊಂಡು, “ಏನೋ ಬಿತ್ತು ಕಣೇ” ಎಂದಳು. ಆಮೇಲೆ ಬೆರಳ ಸಂದಿಯಿಂದ ರಕ್ತ ಇಳಿಯಿತು.

ನೀವೆಲ್ಲ ಅವಳನ್ನು ತಿಪಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ನಾನು ಹೋಗಲಿಲ್ಲ. ಕರಟದ ರಾಶಿಯಲ್ಲಿ ಕೈಯಾಡಿಸಿ ತುಂಡು ಹುಡುಕಿದೆ. ಮುರಿದ ಜಾಗದಲ್ಲಿ ಅರ್ಧ ಕಪ್ಪಗಿತ್ತು, ಉಳಿದರ್ಧ ಸಕ್ಕರೆ ಹರಳಿನಂತೆ ಬೆಳ್ಳಗೆ. ಕಪ್ಪಗಿದ್ದದ್ದು ಹಳೆಯ ಬಿರುಕು, ಬೆಳ್ಳಗಿದ್ದದ್ದು ಆಗ ತಾನೇ ಮುರಿದದ್ದು. ಕಬ್ಬಿಣದ ಕೆಲಸ ಬಲ್ಲ ಯಾರು ನೋಡಿದ್ದರೂ ತಪ್ಪು ಯಾರದೆಂದು ಹೇಳಿಬಿಡುತ್ತಿದ್ದರು. ಕರೆಂಟು ಇತ್ತು. ಬೇಕೆಂದಾಗ ಎಂದೂ ಇರದ ಕರೆಂಟು ಆವತ್ತು ಇತ್ತು. ಮೋಟಾರು ಹಾಕಿ ಎರಡೂ ತುಂಡುಗಳ ಕಪ್ಪನ್ನು ಉಜ್ಜಿ ತೆಗೆದೆ. ಮಚ್ಚು ಕೊಟ್ಟದ್ದನ್ನು ಹುಡುಗುಬುದ್ಧಿ ಎನ್ನಬಹುದೇನೋ. ಇದನ್ನು — ಇದನ್ನು ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಂಜೆ ಬಸ್ಸಿಳಿದು ಬಂದು ಜಗಲಿಯ ಮೇಲೆ ಕುಸಿದಿರಿ. ಸೆರಗಿನ ಮೇಲೆಲ್ಲ ಅವಳ ರಕ್ತ. “ಕಣ್ಣು ಉಳಿಯಾಕಿಲ್ಲ ಅಂದ್ರು ಕಣಪ್ಪ” ಎಂದಿರಿ. ನನ್ನ ಮುಖವನ್ನೇ ನೋಡುತ್ತಾ ಕೇಳಿದಿರಿ: “ನಾನು ಜೋರಾಗಿ ಹೊಡುದ್ನಾ?”

“ಸ್ವಲ್ಪ ಜೋರಾಯ್ತು ಅತ್ಗೆ” ಎಂದೆ.

ನೀವು ನಂಬಿದಿರಿ. ನಂಬಿ, ನನಗೇ ಸಮಾಧಾನ ಹೇಳಿದಿರಿ: “ನಿನ್ನ ಮೊದಲ್ನೇ ಮಚ್ಚು ನನ್ ಕೈಲಿ ಹಾಳಾಯ್ತಲ್ಲಪ್ಪಾ.”

ಗಂಗಮ್ಮ ನಿಮ್ಮನ್ನು ಬೈಯಲಿಲ್ಲ. ಆದರೆ ಮತ್ತೆ ಎದುರು ಬಂದು ಕೂರಲೂ ಇಲ್ಲ. ಅವಳ ಅತ್ತೆ ಬಾವಿಕಟ್ಟೆಯಲ್ಲಿ ನಿಂತು “ಅವ್ಳಿಗೆ ಕೈ ಹಿಡ್ತ ಇಲ್ಲ” ಎಂದು ಸಾರಿದಳು. ಆಮೇಲೆ ಗಂಗಮ್ಮನ ಮನೆಯವರು ಹುಳಿಯಾರಿಗೆ ಹೋಗಿ ನೆಲೆಸಿದರು. ನಾನು ಕುಲುಮೆ ಕಿತ್ತೆ. ಡ್ರಮ್ಮಿನಲ್ಲಿ ಕೋಳಿಗಳು ನೀರು ಕುಡಿದವು. ಪಾಪ, ದುಃಖಕ್ಕೆ ಬಿಟ್ಟ ಎಂದು ಊರವರು ಮರುಗಿದರು. ಆ ಮರುಕವನ್ನೂ ಬೇಡವೆನ್ನಲಿಲ್ಲ.

ಎಷ್ಟೋ ವರ್ಷದ ಮೇಲೆ ಹುಳಿಯಾರಿನ ಸಂತೆಯಲ್ಲಿ ಗಂಗಮ್ಮ ಸಿಕ್ಕಿದ್ದಳು. “ಅವ್ಳು ಈಗ್ಲೂ ಕೊಬ್ರಿ ಒಡೀತಾಳಾ?” ಎಂದು ಕೇಳಿದಳು. ಇಲ್ಲ ಎಂದೆ. “ಯಾಕಪ್ಪ? ಅವ್ಳಷ್ಟು ಹಗೂರ್ದ ಕೈ ನಾನು ಇನ್ನೊಬ್ರುದು ನೋಡ್ನಿಲ್ಲ” ಎಂದಳು. ಆ ಮಾತನ್ನೂ ನಾನು ನಿಮಗೆ ತಲುಪಿಸಲಿಲ್ಲ. ತಲುಪಿಸಿದರೆ, ಹಾಗಾದರೆ ಮುರಿದದ್ದೇಕೆ ಎಂದು ನೀವು ಕೇಳುತ್ತಿದ್ದಿರಿ.

ಆವತ್ತಿನಿಂದ ನೀವು ಮಚ್ಚು ಮುಟ್ಟಿಲ್ಲ. ಈಳಿಗೆಮಣೆಯ ಮೇಲೆ ಹೆಚ್ಚುತ್ತೀರಿ, ತುರಿಯುತ್ತೀರಿ. ಅಲ್ಲಿ ಅಲುಗು ಕೂತಲ್ಲೇ ಕೂತಿರುತ್ತದೆ. ಏಟು ಹಾಕುವ ಕೆಲಸ ಮಾತ್ರ ಬೇಡ. ತೆಂಗಿನ ಸೀಮೆಯ ಮನೆಯಲ್ಲಿ ಕಾಯಿ ಒಡೆಯದ ದಿನ ಯಾವುದಿದೆ? ದಿನಾ ಬೆಳಿಗ್ಗೆ ಕಾಯಿ ಚಾಚಿ, “ಬಾಪ್ಪ, ಇದೊಂದು ಒಡ್ಕೊಡು” ಎನ್ನುತ್ತೀರಿ. ದಿನಾ ಒಡೆದುಕೊಟ್ಟಿದ್ದೇನೆ. ನೋಡಿದವರು ಮೈದುನನ ಅಕ್ಕರೆ ಎನ್ನುತ್ತಾರೆ. ನನಗೆ ಏನೂ ಅನ್ನಿಸದಂತಾಗಿ ಬಹಳ ಕಾಲವಾಗಿತ್ತು.

ಮೊನ್ನೆ ನಿಮ್ಮ ಮೊಮ್ಮಗಳು ತಾನೇ ಒಡೆಯುತ್ತೇನೆಂದು ಮಚ್ಚು ಎತ್ತಿಕೊಂಡಳು. ನೀವು ಓಡಿಬಂದು ಅವಳ ಮಣಿಕಟ್ಟು ಹಿಡಿದು, “ಬ್ಯಾಡ ಕಣೇ, ನಮ್ ಕೈ ಒಳ್ಳೇದಲ್ಲ” ಎಂದಿರಿ. ನಮ್ಮ ಕೈ. ನಿಮ್ಮದಷ್ಟೇ ಅಲ್ಲ, ಏನೂ ಅರಿಯದ ಆ ಮಗುವಿನದೂ. ನನ್ನ ಒಂದು ಸುಳ್ಳು ಅವಳ ಕೈವರೆಗೂ ಹೋಗಿದೆ.

ನಾಳೆ ಬೆಳಿಗ್ಗೆ ನೀವು ಕಾಯಿ ಚಾಚಿದಾಗ ನಾನು ತೆಗೆದುಕೊಳ್ಳುವುದಿಲ್ಲ. ಮೊದಲು ಇದನ್ನೆಲ್ಲ ಹೇಳುತ್ತೇನೆ, ಆ ಹುಡುಗಿಯ ಎದುರಿಗೇ. ಆಮೇಲೆ ಗಂಗಮ್ಮನಿಗೂ ಹೇಳುವುದಕ್ಕೆ ಹುಳಿಯಾರಿನ ಬಸ್ಸು ಹತ್ತುತ್ತೇನೆ. ನೀವೂ ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಆವತ್ತು ಜಗಲಿಯ ಮೇಲೆ ನೀವು ಕೇಳಿದ ಪ್ರಶ್ನೆಗೆ ಉತ್ತರವನ್ನಷ್ಟೇ ಹೇಳುತ್ತೇನೆ.

ನಿಮ್ಮ ಏಟು ಜೋರಾಗಿರಲಿಲ್ಲ, ಅತ್ತಿಗೆ.